ಕೆರೆಯ ದಂಡೆಗೆ ಬಂದವರು

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಕಳೆದ ಬೇಸಗೆಯ ಒಂದು ಸಂಜೆ ಗೊರೇಬಾಳದ ಕಡೆಯ ಮೂವರು ತರುಣರು ನನ್ನ ಮನೆಗೆ ಬಂದರು. ಗೊರೇಬಾಳ ರಾಯಚೂರು ಜಿಲ್ಲೆಯಲ್ಲಿ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿರುವ ಊರು. ನನ್ನ ಅಕ್ಕನನ್ನು ಕೊಟ್ಟ ಊರಾದ್ದರಿಂದ ಅಲ್ಲಿಯವರಿಗೆ ನನ್ನಲ್ಲಿ ಒಂದು ಬಗೆಯ ಸಲಿಗೆ. ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನೆಂಬ ಗೌರವ ಅದರ ಜೊತೆಗೆ. ಕುಶಲಪ್ರಶ್ನೆ ಮುಗಿದ ಮೇಲೆ ಅವರು ಚೀಲದಿಂದ ಒಂದು ನಕ್ಷೆಯ ಸುರುಳಿಯನ್ನು ಹೊರತೆಗೆದರು. ತಮ್ಮ ಸೀಮೆಯ ಕೆರೆಯೊಂದರ ದಂಡೆಯಲ್ಲಿ, ಬಂದು ಹೋಗುವವರಿಗಾಗಿ ಒಂದಿಷ್ಟು ಅನುಕೂಲಗಳನ್ನು ಕಲ್ಪಿಸಬೇಕೆಂದು ಅವರು ಹಣ ಕೂಡಿಸುತ್ತಿದ್ದರು. ನನ್ನಿಂದ ಅವರು ಬಯಸಿದ್ದು ಹಣವನ್ನಲ್ಲ.

“ಸರ್, ಕಮಾನಿನ ಮ್ಯಾಲೆ ಕೆತ್ತಿಸಾಕ ಎರಡು ಸಾಲು ಬರದು ಕೊಡಬೇಕ್ರಿ. ಹಳಗನ್ನಡದಾಗ ಇದ್ದರ ಇನ್ನೂ ಚಲೋ” ಎಂದ ಅವರಲ್ಲಿ ಹಿರಿಯ.

ನಾನು ನಕ್ಷೆಯನ್ನು ಬಿಡಿಸಿ ನೋಡಿದೆ. ಮೊದಲಿಗೆ ಆ ಕಮಾನು. ಅದರ ಹಿಂದೆ ಒಂದು ಕಾರಂಜಿ, ಬಣ್ಣದ ದೀಪಗಳು. ಬಳಿಕ ಊರಿನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿ, ಅದರ ಮುಂದೆ ಜನ ತಮ್ಮ ಚಿತ್ರ ತೆಗೆದುಕೊಳ್ಳಲೆಂದು ಒಂದು ಕಟ್ಟೆ. ದಾನಿಗಳ ಹೆಸರಿಗೆ ಕಪ್ಪು ಕಲ್ಲಿನ ಫಲಕ. ಹಾಳೆಯ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಒಂದು ಪುಟ್ಟ ಚೌಕ ಬರೆದು ಅದರೊಳಗೆ ಹೀಗೆ ನಮೂದಿಸಿದ್ದರು: ‘ಶೌಚಾಲಯ - ಹಣ ಉಳಿದರೆ’.

ಅದನ್ನು ಓದಿ ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಏಕೆಂದರೆ ಅದೇ ಮಾತನ್ನು ಹಿಂದೊಮ್ಮೆ ನಾನೇ ನನ್ನ ಕೈಯಾರ ಬರೆದಿದ್ದೆ. ಆ ಕಥೆಯನ್ನು ಸ್ವಲ್ಪ ತಡೆದು ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ತಾಯಿಯ ಮಾತು ಬರಬೇಕು.

1986ರ ಮಳೆಗಾಲ. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕ. ಅವ್ವ ಗೊರೇಬಾಳದಲ್ಲಿ ಅಕ್ಕನ ಮನೆಯಲ್ಲಿದ್ದಳು. ಜಲಾಶಯವೊಂದು ತುಂಬಿದೆಯೆಂದು ಪತ್ರಿಕೆಯಲ್ಲಿ ಓದಿ, ಅವಳಿಗೆ ತೋರಿಸಿಯೇ ತೀರಬೇಕೆಂದು ನಾನು ಹಟ ಹಿಡಿದೆ. ಅದು ಯಾವ ಜಲಾಶಯವೆಂಬುದು ಇಲ್ಲಿ ಮುಖ್ಯವಲ್ಲ. ನಸುಕಿನಲ್ಲಿ ಹೊರಟು, ಸಿಂಧನೂರಿಗೆ ಬಂದು, ಎರಡು ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ತಲುಪಿದೆವು. ಬಾಗಿಲುಗಳಿಂದ ನೀರು ಧುಮುಕುತ್ತಿತ್ತು. ನಾನು ಉತ್ಸಾಹದಿಂದ ಅಣೆಕಟ್ಟಿನ ಉದ್ದ, ಎತ್ತರ, ಹಿಡಿಯುವ ನೀರಿನ ಅಳತೆ ಎಲ್ಲವನ್ನೂ ಒಪ್ಪಿಸತೊಡಗಿದೆ. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಿಗೆ ಕಾದ ಒಂದು ಕಲ್ಲಿನ ಅಂಚಿನಲ್ಲಿ ಕುಳಿತಳು. ಬುತ್ತಿ ಬಿಚ್ಚಿದಾಗ ಅರ್ಧ ರೊಟ್ಟಿ ಮುರಿದು ತಿಂದಳು.

“ನೀರು ಕುಡಿಯವ್ವ” ಎಂದು ತಂಬಿಗೆ ಮುಂದೆ ಹಿಡಿದೆ.

“ಒಲ್ಲೆಪ್ಪಾ, ನೀರಡಿಕೆ ಇಲ್ಲ” ಎಂದಳು.

ಬೆಳಗಿನಿಂದ ರಾತ್ರಿಯವರೆಗೆ ಅವಳು ಒಂದು ಗುಟುಕು ನೀರನ್ನೂ ಬಾಯಿಗೆ ಹಾಕಲಿಲ್ಲ. ಕಣ್ಣೆದುರಿಗೆ ಸಮುದ್ರದಂತೆ ಹರಡಿದ್ದ ನೀರನ್ನೂ ಆಕೆ ಹೆಚ್ಚು ಹೊತ್ತು ನೋಡಲಿಲ್ಲ. “ಹೊತ್ತಾತು, ಬಸ್ಸು ತಪ್ಪೀತು” ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅಂದಿನಿಂದ ಮುಂದೆ ಹಂಪೆಗೆ ಬಾ, ಮೈಸೂರಿಗೆ ಬಾ ಎಂದು ನಾನು ಎಷ್ಟು ಕರೆದರೂ “ನೋಡಿದ್ದು ಸಾಕು” ಎನ್ನುವುದೊಂದೇ ಉತ್ತರ. ಹಳ್ಳಿಯ ಹೆಣ್ಣುಮಗಳು, ನೋಡುವ ಕುತೂಹಲವಿಲ್ಲ ಎಂದು ನಾನು ತೀರ್ಮಾನಿಸಿಕೊಂಡೆ. ಸೌಂದರ್ಯಪ್ರಜ್ಞೆಯ ಮೇಲೆ ತರಗತಿಯಲ್ಲಿ ಪಾಠ ಹೇಳುತ್ತಿದ್ದವನಿಗೆ ಈ ತೀರ್ಮಾನ ಸುಲಭವಾಗಿತ್ತು.

ಅವ್ವ 2006ರಲ್ಲಿ ತೀರಿಕೊಂಡಳು. ಕರ್ಮಾಂತರಗಳು ಮುಗಿದ ದಿನ ಮಾತಿಗೆ ಮಾತು ಬಂದು ನಾನು ಅಕ್ಕನೊಡನೆ, ಅವ್ವನಿಗೆ ಊರು ನೋಡುವ ಆಸೆಯೇ ಇರಲಿಲ್ಲ ನೋಡು ಎಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. “ನಿನಗೇನು ಗೊತ್ತಾಗತೈತಿ ತಮ್ಮಾ. ಅವತ್ತು ಮನಿಗೆ ಬಂದಾಕಿನ ಕತ್ತಲದಾಗ ಹಿತ್ತಲಕ ಹೋಗಿ ಬಂದು, ಎರಡು ತಂಬಿಗಿ ನೀರು ಒಂದ ಉಸುರಿಗೆ ಕುಡದಳು. ಅಲ್ಲಿ ಕುಡದಿದ್ರ ಹೋಗೂದು ಎಲ್ಲಿಗೆ? ಗಂಡಸರು ಗ್ವಾಡಿ ಹಿಂದ ನಿಂತ್ರ ಆತು” ಎಂದಳು.

ಇಪ್ಪತ್ತು ವರ್ಷ ನನಗೆ ತಿಳಿಯದಿದ್ದ ಸಂಗತಿ ಇದು. ಅಷ್ಟು ನೀರಿನ ದಂಡೆಯಲ್ಲಿ ಒಬ್ಬ ತಾಯಿ ಬಾಯಾರಿಕೆಯನ್ನು ತಡೆದುಕೊಂಡು ಕುಳಿತಿದ್ದಳು. ಮಗ ಆಕೆಗೆ ನೀರಿನ ಅಳತೆ ಹೇಳುತ್ತಿದ್ದ. ಆ ದಿನದಿಂದ ನಾನು ಯಾವ ಕೆರೆಯ ದಂಡೆಗೆ, ಯಾವ ಜಲಾಶಯದ ಬಳಿಗೆ ಹೋದರೂ ಮೊದಲು ನೋಡುವುದು ನೀರನ್ನಲ್ಲ. ದಣಿದು ಬಂದವರು ಎಲ್ಲಿ ಕುಳಿತುಕೊಳ್ಳಬೇಕು, ಎಲ್ಲಿ ನೀರು ಕುಡಿಯಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ನೋಡುತ್ತೇನೆ. ಇಂದಿನ ನನ್ನ ಮಾತೂ ಅಷ್ಟಕ್ಕೇ ಸೀಮಿತ. ದೊಡ್ಡ ಉದ್ಯಾನಗಳ ಗೊಡವೆ ನನಗೆ ಬೇಡ. ಒಂದು ಆಸನ, ಒಂದಿಷ್ಟು ನೆರಳು, ಕುಡಿಯುವ ನೀರು, ಶೌಚಾಲಯ, ನಾಲ್ಕು ಮೆಟ್ಟಿಲು: ಇವನ್ನು ನೀರಿನ ದಂಡೆಯಲ್ಲಿ ಎಲ್ಲಿ ಹೇಗೆ ಇಡಬೇಕು ಎಂಬುದಷ್ಟೇ ನನ್ನ ವಿಷಯ.

ನೀರಿನ ದಂಡೆಗೆ ಬರುವವರು ಯಾರು? ‘ಪ್ರವಾಸಿ’ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟ ಮೇಲೆ, ಎಡದಂಡೆಯ ಕಾಲುವೆ ನಮ್ಮ ಸೀಮೆಗೆ ಬಂದು ಜೋಳದ ನೆಲದಲ್ಲಿ ಭತ್ತ ಬೆಳೆಯಿತು. ಈ ಭಾಗದ ರೈತ ಜಲಾಶಯ ನೋಡಲು ಹೋಗುವುದು ಬರಿಯ ವಿಹಾರಕ್ಕಲ್ಲ. ತನ್ನ ವರ್ಷದ ಅನ್ನ ಅಲ್ಲಿ ನಿಂತಿದೆಯೇ ಎಂದು ಕಣ್ಣಾರೆ ನೋಡಿ ಬರಲು ಹೋಗುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಹೋದಾಗ, ನೀರೆಲ್ಲ ಹರಿದು ಹೋದೀತೆಂದು ಕಾಲುವೆಯ ಕೊನೆಯಂಚಿನ ಊರುಗಳೂ ಕಳವಳಗೊಂಡವು. ಇನ್ನು ಊರ ಕೆರೆಯ ದಂಡೆಗೆ ಬರುವವರಲ್ಲಿ ಎಮ್ಮೆ ಮೈತೊಳೆಯಲು ಬಂದ ಹುಡುಗನಿದ್ದಾನೆ, ಬಟ್ಟೆ ಒಗೆಯಲು ಬಂದ ಹೆಂಗಸಿದ್ದಾಳೆ, ಜಾತ್ರೆಗೆ ನಡೆದು ಹೊರಟ ಮುದುಕರಿದ್ದಾರೆ, ಮಕ್ಕಳನ್ನು ಕರೆತಂದ ಶಾಲೆಯ ಅಕ್ಕೋರಿದ್ದಾರೆ. ಇವರೆಲ್ಲರೂ ಬಂದು ಹೋಗುವವರೇ. ಇವರಲ್ಲಿ ತೀರ ದಣಿದವರು ಯಾರೋ ಅವರನ್ನು ಕಣ್ಣ ಮುಂದೆ ಇಟ್ಟುಕೊಂಡು ನಕ್ಷೆ ಬರೆಯತೊಡಗಿದರೆ ಉಳಿದವರ ಅನುಕೂಲವೂ ಅದರಲ್ಲಿ ಸೇರಿಬಿಡುತ್ತದೆ.

ಇದೇನೂ ಹೊಸ ವಿಚಾರವಲ್ಲ. ನಮ್ಮ ಪಕ್ಕದ ಮಸ್ಕಿಯನ್ನೇ ನೋಡಿ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಬಿದ್ದ ಅಲ್ಲಿಯ ಬಂಡೆಯ ಶಾಸನ, ದೇವಾನಾಂಪ್ರಿಯನೆಂದು ಕರೆದುಕೊಂಡ ದೊರೆ ಅಶೋಕನೇ ಎಂಬುದನ್ನು ಹೆಸರು ಹೇಳಿ ಖಚಿತಪಡಿಸಿತು. ಅದೇ ಅಶೋಕ, ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ, ತಾನು ದಾರಿಗಳ ಬದಿಗೆ ಆಲದ ಮರ ನೆಡಿಸಿದ್ದನ್ನೂ ಮಾವಿನ ತೋಪು ಬೆಳೆಸಿದ್ದನ್ನೂ ಅಲ್ಲಲ್ಲಿ ಬಾವಿ ತೋಡಿಸಿದ್ದನ್ನೂ ಮನುಷ್ಯರಿಗೂ ಪಶುಗಳಿಗೂ ನೀರಿನ ತಾಣಗಳನ್ನು ಮಾಡಿಸಿದ್ದನ್ನೂ ಹೇಳಿಕೊಳ್ಳುತ್ತಾನೆ. ಅಲ್ಲಿಯೇ ‘ನಿಂಸಿಢಿಯಾ’ ಎಂಬ ಒಂದು ಮಾತು ಬರುತ್ತದೆ. ಅದಕ್ಕೆ ತಂಗುದಾಣವೆಂದು ಕೆಲವು ವಿದ್ವಾಂಸರೂ ನೀರಿಗಿಳಿಯುವ ಮೆಟ್ಟಿಲೆಂದು ಕೆಲವರೂ ಅರ್ಥ ಮಾಡಿದ್ದಾರೆ. ಅವರ ವಾದ ಅವರಿಗಿರಲಿ. ನನಗೆ ಎರಡೂ ಬೇಕು. ಆ ಚಕ್ರವರ್ತಿ ಇದನ್ನೆಲ್ಲ ಪಟ್ಟಿ ಮಾಡಿದ ಮೇಲೆ, ಇದೇನೂ ದೊಡ್ಡ ಉಪಕಾರವಲ್ಲ, ಹಿಂದಿನ ಅರಸರೂ ಮಾಡಿದ್ದಾರೆ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಫಲಕ ಹಾಕಿಸುವವರೆಲ್ಲ ನೆನೆಯಬೇಕಾದ ಮಾತು ಅದು.

ನಮ್ಮ ಹಿರಿಯರು ಕಟ್ಟಿದ ಸಣ್ಣ ಅನುಕೂಲಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹೊರೆಗಲ್ಲು. ಹಳೆಯ ಹಾದಿಗಳ ಬದಿಗೆ ಎರಡು ಕಲ್ಲು ನೆಟ್ಟು, ಅವುಗಳ ಮೇಲೆ ಒಂದು ಚಪ್ಪಡಿ ಅಡ್ಡ ಹಾಸಿರುತ್ತಾರೆ. ತಲೆಯ ಮೇಲೆ ಭಾರ ಹೊತ್ತು ಬಂದವನು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಳ್ಳಬಹುದು. ಅದರ ಎತ್ತರವನ್ನು ನಿರ್ಧರಿಸಿದ್ದು ನಡೆಯುವ ಮನುಷ್ಯನ ಮೈ. ಅದರಲ್ಲಿ ಅಲಂಕಾರವಿಲ್ಲ, ಆದರೆ ಬೇಸಗೆಯಲ್ಲಿ ದಾರಿಹೋಕರಿಗೆ ಇಡುತ್ತಿದ್ದ ಅರವಟ್ಟಿಗೆಯಂತೆ, ಕಂಡಿಲ್ಲದ ಒಬ್ಬನ ದಣಿವನ್ನು ಮುಂದಾಗಿ ನೆನೆದ ಗುಣ ಅದರಲ್ಲಿದೆ. ವಿಜಯನಗರದ ಕಾಲದ ಶಾಸನವೊಂದರಲ್ಲಿ ಲಕ್ಷ್ಮೀಧರಾಮಾತ್ಯನ ತಾಯಿ ಮಗುವಿಗೆ ಹಾಲೂಡುತ್ತ ಕಿವಿಯಲ್ಲಿ ಹೇಳಿದ ಕರ್ತವ್ಯಗಳಲ್ಲಿ ಕೆರೆ ಕಟ್ಟಿಸುವುದೇ ಮೊದಲನೆಯದು. ನನ್ನ ತಾಯಿ ನನಗೆ ಕಿವಿಯಲ್ಲಿ ಏನನ್ನೂ ಹೇಳಲಿಲ್ಲ. ಹೇಳುವಂತೆ ನಾನು ಕೇಳಲೂ ಇಲ್ಲ.

ಹಾಗಾದರೆ ಇಂದು ಹೇಗೆ ಕಟ್ಟಬೇಕು? ನಾನು ಇಂಜಿನಿಯರನಲ್ಲ. ಆದರೂ ತಿಳಿದವರನ್ನು ಕೇಳಿ, ಹತ್ತಾರು ದಂಡೆಗಳಲ್ಲಿ ಕುಳಿತು ಎದ್ದು ಕಲಿತದ್ದನ್ನು ಹೇಳಬಲ್ಲೆ.

ಮೊದಲು ಕೆರೆ ಎಂಥದೆಂದು ಅರಿಯಬೇಕು. ಕಾಲುವೆಯ ಸೀಮೆಯ ಊರುಗಳಲ್ಲಿ, ಕಾಲುವೆಗೆ ನೀರು ಬಂದಾಗ ತುಂಬಿಕೊಂಡು ಬೇಸಗೆಗೆಂದು ಉಳಿಸಿಕೊಳ್ಳುವ ಕುಡಿಯುವ ನೀರಿನ ಕೆರೆಗಳಿವೆ. ಅಂಥಲ್ಲಿ ನೀರಿಗಿಳಿಯುವ ಮೆಟ್ಟಿಲು ಕೂಡದು. ಜನ ನೀರನ್ನು ನೋಡಲಿ, ಮುಟ್ಟುವುದು ಬೇಡ. ಮುಟ್ಟುವ ಆಸೆಗೆ ಆಸನದ ಪಕ್ಕದಲ್ಲಿ ಒಂದು ನಲ್ಲಿ ಇರಲಿ. ಹಳೆಯ ನೀರಾವರಿ ಕೆರೆಯಾದರೆ ಮೆಟ್ಟಿಲು ಬೇಕು. ದನಗಳಿಗೆ ಬೇರೆಯೇ ಇಳಿಜಾರು ಬೇಕು. ಎರಡನ್ನೂ ಒಂದೇ ಕಡೆ ಮಾಡಿದರೆ ಮನುಷ್ಯರ ಮೆಟ್ಟಿಲ ಮೇಲೆ ಸಗಣಿ, ದನದ ದಾರಿಯಲ್ಲಿ ಒಡೆದ ಗಾಜು ಎಂಬಂತಾಗುತ್ತದೆ.

ಎರಡನೆಯದು, ಏರಿಯನ್ನು ಗೌರವಿಸುವುದು. ಏರಿ ಮಣ್ಣಿನ ಗೋಡೆ, ಅದು ಉದ್ಯಾನವಲ್ಲ. ಅದರ ಮೇಲೆ ದೊಡ್ಡ ಮರಗಳನ್ನು ನೆಡಬಾರದೆಂದು ಬಲ್ಲವರು ಹೇಳುತ್ತಾರೆ. ಮರ ಸತ್ತು ಬೇರು ಕೊಳೆತಾಗ ಒಳಗೆ ಕೊಳವೆಯಂಥ ದಾರಿಯಾಗಿ ನೀರು ಜಿನುಗತೊಡಗುತ್ತದೆ. ಕಟ್ಟಡಕ್ಕೆಂದು ಏರಿಯನ್ನು ಅಗೆಯುವುದಂತೂ ಅಪರಾಧ. ಕೋಡಿ ಬಿದ್ದಾಗ ನೀರು ಹರಿಯುವ ಹಳ್ಳದಲ್ಲಿ ಅಂಗಡಿಯನ್ನಾಗಲಿ ವಾಹನ ನಿಲ್ಲುವ ಜಾಗವನ್ನಾಗಲಿ ಮಾಡಬಾರದು. ಹತ್ತು ವರ್ಷ ಒಣಗಿದ್ದ ಹಳ್ಳ ಹನ್ನೊಂದನೆಯ ವರ್ಷ ತನ್ನ ಜಾಗವನ್ನು ಕೇಳುತ್ತದೆ. ಬುಕ್ಕರಾಯನ ಮಗ ಭಾಸ್ಕರನು ಕಡಪಾ ಸೀಮೆಯ ಪೊರುಮಾಮಿಳ್ಳದಲ್ಲಿ ಬರೆಸಿದ 1369ರ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವಂತೆ. ಮದರಾಸು ಮತ್ತು ಹೈದರಾಬಾದುಗಳ ಗಡಿಯಲ್ಲಿ ಕಟ್ಟಿದ ಅಣೆಕಟ್ಟಿನ ನೀರುಂಡ ನಾವು ಅದನ್ನು ಓದಿ ಮುಗುಳ್ನಗಬಹುದು. ದಂಡೆಗೆ ಬಂದವರಿಗೆ ನೆರಳಿಲ್ಲದಿರುವುದನ್ನು ಏಳನೆಯ ದೋಷವೆಂದು ನಾನು ಸೇರಿಸುತ್ತಿದ್ದೆ.

ಮೂರನೆಯದು ನೆರಳು ಮತ್ತು ಆಸನ. ನಮ್ಮ ಜಿಲ್ಲೆಯ ಬಿಸಿಲನ್ನು ಬಣ್ಣಿಸಬೇಕಾಗಿಲ್ಲ. ಎಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬಯಲಿಗೆ ಕಲ್ಲಿನ ಬೆಂಚನ್ನು ಹಾಕಿದರೆ ಸೂರ್ಯ ಮುಳುಗಿದ ಬಹಳ ಹೊತ್ತಿನವರೆಗೂ ಅದರ ಮೇಲೆ ಕೂರಲಾಗದು. ಜನ ದಂಡೆಗೆ ಬರುವುದು ಹೆಚ್ಚಾಗಿ ಇಳಿಹೊತ್ತಿನಲ್ಲಿ. ಆಗ ನೆರಳು ಬೀಳುವುದು ಮರದ ಪೂರ್ವಕ್ಕೆ. ಆದ್ದರಿಂದ ಆಸನವೂ ಮರದ ಪೂರ್ವಕ್ಕಿರಬೇಕು. ಏರಿಯ ಕೆಳಗಿನ ಗಟ್ಟಿ ನೆಲದಲ್ಲಿ ಬೇವು, ಹುಣಸೆ, ಆಲ ಇವುಗಳನ್ನು ನೆಟ್ಟು, ಅವು ಬೆಳೆಯುವವರೆಗೆ ಹುಲ್ಲಿನ ಚಪ್ಪರವಾದರೂ ಇರಲಿ. ಆಸನ ನೆಲದಿಂದ ಒಂದೂವರೆ ಅಡಿ ಎತ್ತರವಿರಬೇಕು, ಬೆನ್ನಿಗೆ ಒರಗು ಇರಬೇಕು, ಬದಿಗೆ ಕೈಯಾಸರೆ ಇರಬೇಕು. ಕೈಯಾಸರೆ ಇಲ್ಲದ ಬೆಂಚಿನಿಂದ ಏಳುವಾಗ ಮೊಣಕಾಲು ನೋವಿನವರು ಏನು ಪಡುತ್ತಾರೆಂಬುದು ಮೂವತ್ತರ ಹರೆಯದ ನಕ್ಷೆಕಾರನಿಗೆ ಹೊಳೆಯುವುದಿಲ್ಲ. ನನಗೂ ಆಗ ಹೊಳೆದಿರಲಿಲ್ಲ. ನೀರಿನ ಬದಿಗೆ ನಾಲ್ಕಡಿ ಎತ್ತರದ ಗಟ್ಟಿ ಗೋಡೆ ಎಬ್ಬಿಸುವುದು ಇನ್ನೊಂದು ರೂಢಿ. ಕುಳಿತವರ ಕಣ್ಣಿನ ಮಟ್ಟವೂ ಸುಮಾರಾಗಿ ಅಷ್ಟೇ. ನೀರು ನೋಡಲು ಬಂದವರು ಗೋಡೆ ನೋಡಿ ಹೋಗುತ್ತಾರೆ. ಅದರ ಬದಲು ನೆಟ್ಟಗಿನ ಸರಳುಗಳ ಕಟಾಂಜನವಿದ್ದರೆ ನೋಟವೂ ಉಳಿಯುತ್ತದೆ, ಮಕ್ಕಳು ಹತ್ತುವ ಭಯವೂ ಇರುವುದಿಲ್ಲ. ಅಡ್ಡ ಸರಳುಗಳು ಮಕ್ಕಳಿಗೆ ಏಣಿಯಾಗುತ್ತವೆ.

ಮೆಟ್ಟಿಲುಗಳ ಮಾತು ಚಿಕ್ಕದು. ಆರಂಗುಲದ ಏರು, ಹನ್ನೆರಡಂಗುಲದ ಅಗಲ, ಒಂದು ಬದಿಗೆ ಹಿಡಿಗೋಲು. ಅದರ ಪಕ್ಕದಲ್ಲಿ ಗಾಲಿಕುರ್ಚಿಗೂ ಕೈಬಂಡಿಗೂ ಆಗುವಂತೆ, ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು. ಜಲಾಶಯಗಳಲ್ಲಿ ಇನ್ನೊಂದು ತೊಡಕಿದೆ. ತುಂಗಭದ್ರೆಯ ಪೂರ್ಣಮಟ್ಟ 1,633 ಅಡಿ. ಬೇಸಗೆಯಲ್ಲಿ ನೀರು ಎಷ್ಟೋ ಅಡಿ ಕೆಳಗಿಳಿದು ಅಂಚು ಬಹು ದೂರ ಸರಿದಿರುತ್ತದೆ. ಆಗಸ್ಟಿನ ಅಲೆಗಳನ್ನು ನೋಡಿ ಕಟ್ಟಿದ ಮಂಟಪ ಮೇ ತಿಂಗಳಲ್ಲಿ ಬಿರಿದ ಕೆಸರನ್ನು ನೋಡುತ್ತ ನಿಲ್ಲುತ್ತದೆ. ಜಾಗ ಗೊತ್ತು ಮಾಡುವವರು ಎರಡು ಕಾಲದಲ್ಲಿಯೂ ಒಂದೊಂದು ಸಲ ಅಲ್ಲಿ ಹೋಗಿ ನಿಲ್ಲಬೇಕು.

ಈಗ ನಾವೆಲ್ಲ ಸಂಕೋಚಪಡುವ ವಿಷಯಕ್ಕೆ ಬರುತ್ತೇನೆ. ನಮ್ಮ ಶಿಷ್ಟ ಭಾಷೆಯಲ್ಲಿ ಶೌಚಕ್ಕೆ ‘ಬಹಿರ್ದೆಸೆ’ ಎನ್ನುತ್ತಿದ್ದರು. ಹೊರಗಣ ದಿಕ್ಕು ಎಂದು ಅರ್ಥ. ಆಡುಮಾತಿನಲ್ಲಿಯೂ ಹೊರಕಡೆ, ಬಯಲಕಡೆ ಎಂದೇ. ಮಾತಿನಲ್ಲಿಯೇ ಅದನ್ನು ಹೊರಗಿಟ್ಟವರು ನಕ್ಷೆಯಲ್ಲಿ ಮೂಲೆಗಿಟ್ಟರೆ ಆಶ್ಚರ್ಯವೇನು? ಕೆರೆಯ ಬಳಿ ಶೌಚಾಲಯ ಏರಿಯ ಹೊರಮಗ್ಗುಲಿಗೆ, ನೀರು ಹರಿದು ಬರುವ ದಿಕ್ಕಿಗೆ ವಿರುದ್ಧವಾಗಿ, ತಗ್ಗಿನಲ್ಲಿರಬೇಕು. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರು ದೂರವಿರಬೇಕೆಂಬುದು ಸಾಮಾನ್ಯ ನಿಯಮ. ಕೆರೆಯ ವಿಷಯದಲ್ಲಿ ಇನ್ನೂ ದೂರವಿದ್ದಷ್ಟೂ ಒಳ್ಳೆಯದು. ನಮ್ಮ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಎರೆ ತೆಗೆದು ಗರಸು ತುಂಬಿ ಬುನಾದಿ ಹಾಕದಿದ್ದರೆ ಎರಡನೆಯ ವರ್ಷ ಗೋಡೆ ಸೀಳುತ್ತದೆ. ಬೇರೆಡೆ ಚೆನ್ನಾಗಿ ನಡೆಯುವ ಎರಡು ಗುಂಡಿಗಳ ಶೌಚಾಲಯ ಇಲ್ಲಿ ಸೋಲುವುದೂ ಇದೇ ಕಾರಣಕ್ಕೆ. ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ. ಆದ್ದರಿಂದ ಸೋರದ ತೊಟ್ಟಿ ಕಟ್ಟಬೇಕು. ಅದನ್ನು ಯಂತ್ರದಿಂದ ಬರಿದು ಮಾಡಬೇಕು. ಸುರಕ್ಷೆಯ ಸಲಕರಣೆಗಳಿಲ್ಲದೆ ತೊಟ್ಟಿಯೊಳಕ್ಕೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಹಾಗಾದರೆ ಆ ಯಂತ್ರದ ವಾಹನ ಬಂದು ನಿಲ್ಲಲು ದಾರಿ ಬೇಡವೆ? ಎಷ್ಟೋ ಕಡೆ ನಾನು ಕಂಡ ಶೌಚಾಲಯಗಳಿಗೆ ಆ ದಾರಿಯೇ ಇಲ್ಲ. ಕಟ್ಟುವಾಗ ದಾರಿ ಬಿಡದವನು, ಮುಂದೊಂದು ದಿನ ಒಬ್ಬ ಬಡವನನ್ನು ಅದರೊಳಕ್ಕೆ ಇಳಿಸಲು ತನಗರಿಯದೆಯೇ ಒಪ್ಪಿಗೆ ಕೊಟ್ಟಂತಾಯಿತು.

ಹೆಂಗಸರ ಕಡೆಗೆ ಗಂಡಸರಿಗಿಂತ ಹೆಚ್ಚು ಕೋಣೆಗಳಿರಬೇಕು. ಒಳಗಿನಿಂದ ಬೀಳುವ ಚಿಲಕ, ಚೀಲ ತೂಗುಹಾಕಲು ಒಂದು ಮೊಳೆ, ಕತ್ತಲಾದ ಮೇಲೆ ಬೆಳಕು, ಮುಚ್ಚಳವಿರುವ ಒಂದು ಬುಟ್ಟಿ, ಮಗುವನ್ನು ತೊಳೆಯಲು ತುಸು ಎತ್ತರದ ಕಟ್ಟೆ: ಇವೆಲ್ಲಕ್ಕೆ ಆಗುವ ವೆಚ್ಚ ಕಾರಂಜಿಯ ವೆಚ್ಚಕ್ಕಿಂತ ಕಡಿಮೆ. ಬಾಗಿಲು ಜನ ಕುಳಿತ ಜಾಗಕ್ಕೆ ನೇರವಾಗಿ ಎದುರಾಗಿರಬಾರದು. ಆದರೆ ಯಾರೂ ಇಲ್ಲದ ಮರೆಗೂ ತೆರೆಯಬಾರದು. ಮರ್ಯಾದೆಯೂ ಸುರಕ್ಷೆಯೂ ಎರಡೂ ಉಳಿಯುವ ಆ ಜಾಗವನ್ನು ಹುಡುಕಬೇಕಾದರೆ ಊರಿನ ಹೆಣ್ಣುಮಕ್ಕಳನ್ನು ಕರೆದು ಕೇಳಬೇಕು. ಬೇರೆ ಉಪಾಯವನ್ನು ನಾನು ಕಾಣೆ.

ಇನ್ನು ನಾನು ಹೇಳುತ್ತೇನೆಂದ ಕಥೆ. 1998ರಲ್ಲಿ ಊರೊಂದರ ಕೆರೆಯ ದಂಡೆಯನ್ನು ಚೆಂದಗೊಳಿಸುವ ಸಮಿತಿಯೊಂದಕ್ಕೆ ನನ್ನನ್ನು ಸದಸ್ಯನನ್ನಾಗಿ ಮಾಡಿದ್ದರು. ಇದ್ದ ಹಣ ಸ್ವಲ್ಪ. ನಮ್ಮೆಲ್ಲರ ಮನಸ್ಸಿನಲ್ಲಿ ಇದ್ದದ್ದು ಕೃಷ್ಣರಾಜಸಾಗರದ ಬೃಂದಾವನ. ಸರ್ ಮಿರ್ಜಾ ಇಸ್ಮಾಯಿಲರು ಒಂದು ಸಂಸ್ಥಾನದ ಬೊಕ್ಕಸವನ್ನೂ ನುರಿತ ತೋಟಗಾರರನ್ನೂ ಬೆನ್ನಿಗಿಟ್ಟುಕೊಂಡು ಬೆಳೆಸಿದ ತೋಟ ಅದು. ಅದನ್ನು ಹಳ್ಳಿಯ ಕೆರೆಯ ಮೇಲೆ ಕಿರಿದು ಮಾಡಿ ಇಡಲು ಹೊರಟರೆ ಉಳಿಯುವುದು ಒಣಗಿದ ಕಾರಂಜಿ ಮಾತ್ರ. ನಾನು ಸಭೆಯ ನಡವಳಿಯನ್ನು ಬರೆಯುತ್ತಿದ್ದೆ. ಕಮಾನು ಮೊದಲೋ ಶೌಚಾಲಯ ಮೊದಲೋ ಎಂಬ ಪ್ರಶ್ನೆ ಬಂದಾಗ, ಕಮಾನಿಗೆ ನಾನೇ ರಚಿಸಿಕೊಟ್ಟ ಒಂದು ಕಂದಪದ್ಯ ಆಗಲೇ ಸಿದ್ಧವಾಗಿತ್ತು. ನಾನು ನಡವಳಿಯಲ್ಲಿ ಬರೆದೆ: ‘ಶೌಚಾಲಯ - ಹಣ ಉಳಿದರೆ.’ ಹಣ ಉಳಿಯಲಿಲ್ಲ. ಕಮಾನು ಎದ್ದಿತು. ಉದ್ಘಾಟನೆಗೆ ಅವ್ವನನ್ನು ಕರೆದೆ. “ನಾ ಒಲ್ಲೆಪ್ಪಾ” ಎಂದಳು. ಮಗನ ಪದ್ಯ ಕಲ್ಲಿನ ಮೇಲೆ ಕೆತ್ತಿದೆ ಎಂದರೂ ಬರಲಿಲ್ಲ. ಆಗ ನನಗೆ ಸಿಟ್ಟು ಬಂದಿತ್ತು.

ಕೆಲವು ವರ್ಷಗಳ ಹಿಂದೆ ಆ ದಾರಿಯಲ್ಲಿ ಹೋದಾಗ ಇಳಿದು ನೋಡಿದೆ. ಕಂದಪದ್ಯದ ಗಣಗಳು ಸರಿಯಾಗಿಯೇ ಇದ್ದವು. ಕಮಾನಿನ ಹಿಂಬದಿಯ ಗೋಡೆಯನ್ನು ಗಂಡಸರು ಯಾವುದಕ್ಕೆ ಬಳಸುತ್ತಿದ್ದರೆಂಬುದನ್ನು ವಾಸನೆ ಹೇಳಿತು. ಹೆಂಗಸರು ಯಾರೂ ಅಲ್ಲಿ ಕುಳಿತಿರಲಿಲ್ಲ. ನನ್ನ ಸಾಹಿತ್ಯಕೃಷಿಯಲ್ಲಿ ಕಲ್ಲಿನ ಮೇಲೆ ಉಳಿದದ್ದು ಅದೊಂದೇ.

ಕಟ್ಟುವುದು ಅರ್ಧ ಕೆಲಸ. ದಿನವೂ ತೊಳೆಯುವುದು ಉಳಿದರ್ಧ. ಜಪಾನಿನ ಟೋಕಿಯೋ ನಗರದ ಶಿಬುಯಾ ಎಂಬ ಭಾಗದಲ್ಲಿ 2020ರಿಂದ 2023ರವರೆಗೆ ಹದಿನೇಳು ಸಾರ್ವಜನಿಕ ಶೌಚಾಲಯಗಳನ್ನು ಹೊಸದಾಗಿ ಕಟ್ಟಿದರು. ತದಾವೊ ಆಂಡೊ, ಶಿಗೇರು ಬಾನ್ ಅವರಂಥ ಲೋಕಪ್ರಸಿದ್ಧ ವಾಸ್ತುಶಿಲ್ಪಿಗಳು ಆ ಕೆಲಸವನ್ನು ಕಿರಿದೆಂದು ಭಾವಿಸದೆ ಕೈಗೆತ್ತಿಕೊಂಡರು. ಅವನ್ನು ಚೊಕ್ಕಟವಾಗಿಡುವ ವ್ಯವಸ್ಥೆಯೂ ಯೋಜನೆಯದೇ ಭಾಗವಾಗಿತ್ತು. 2023ರಲ್ಲಿ ವಿಮ್ ವೆಂಡರ್ಸ್ ಎಂಬ ಜರ್ಮನ್ ನಿರ್ದೇಶಕರು ಅದೇ ಶೌಚಾಲಯಗಳಲ್ಲಿ ‘ಪರ್ಫೆಕ್ಟ್ ಡೇಸ್’ ಎಂಬ ಚಲಚ್ಚಿತ್ರವನ್ನು ತೆಗೆದರು. ಅದರ ಕಥಾನಾಯಕ ಅವನ್ನು ತೊಳೆಯುವವನು. ಓದುವವನು, ಮರಗಳ ನೆರಳನ್ನು ನೋಡಿ ಸಂತೋಷಪಡುವವನು. ನಮ್ಮಲ್ಲಿ ಆ ಕೆಲಸವನ್ನು ಯಾವ ಜನಕ್ಕೆ ಹೊರಿಸಿದ್ದೇವೆ, ಅವರಿಗೆ ಏನು ಕೊಡುತ್ತೇವೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೆರೆಯ ದಂಡೆಗೆ ಲಕ್ಷಗಳನ್ನು ಸುರಿಯುವವರು ಮೊದಲು ಒಬ್ಬ ಮನುಷ್ಯನ ಹನ್ನೆರಡು ತಿಂಗಳ ನ್ಯಾಯವಾದ ಸಂಬಳವನ್ನು, ಅವನ ಪೊರಕೆ, ಕೈಚೀಲ, ಸಾಬೂನುಗಳ ಹಣವನ್ನು ಎತ್ತಿಟ್ಟು, ಉಳಿದದ್ದರಲ್ಲಿ ಕಟ್ಟಲಿ.

ಆ ಮೂವರು ತರುಣರಿಗೆ ನಾನು ಇದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. “ಹಂಗಾದ್ರ ಕಮಾನು ಬ್ಯಾಡೇನ್ರಿ ಸರ್?” ಎಂದ ಕಿರಿಯವನ ದನಿಯಲ್ಲಿ ನಿರಾಶೆಯಿತ್ತು. ಊರಿನ ಹೆಸರನ್ನು ಎತ್ತರದಲ್ಲಿ ಕಾಣುವ ಆಸೆ ತಪ್ಪೇನೂ ಅಲ್ಲ. ಬೇಡ ಎನ್ನಲಿಲ್ಲ. ನಕ್ಷೆಯನ್ನು ತಿರುಗಿಸಿ, ಸೀಸದ ಕಡ್ಡಿಯ ಆ ಚೌಕವನ್ನು ಅಳಿಸಿ, ಹಾಳೆಯ ನಡುವೆ ಮಸಿಯಿಂದ ಬರೆದೆ: ಶೌಚಾಲಯ, ನಲ್ಲಿ, ನೆರಳು, ಆಸನ. ಕಮಾನಿನ ಮುಂದೆ ಸಣ್ಣ ಅಕ್ಷರದಲ್ಲಿ ಬರೆದೆ: ಹಣ ಉಳಿದರೆ. ಹುಡುಗರು ನಕ್ಕರು. ನಾನೂ ಅವರೊಡನೆ ನಕ್ಕೆ.

ಹೊರಡುವಾಗ ಹಿರಿಯ ಹುಡುಗ, “ಸರ್, ಆ ಎರಡು ಸಾಲು?” ಎಂದು ನೆನಪಿಸಿದ. ಕಮಾನಿಗೆ ನಾನು ಏನನ್ನೂ ಬರೆದುಕೊಡಲಿಲ್ಲ. ನಲ್ಲಿಯ ಬಳಿ ಹಾಕಲು ಒಂದು ಹಲಗೆಗಾಗುವಷ್ಟು ಬರೆದುಕೊಟ್ಟೆ. ಹಳಗನ್ನಡವಲ್ಲ, ಪದ್ಯವೂ ಅಲ್ಲ. ‘ಕುಡಿಯುವ ನೀರು ಇಲ್ಲಿದೆ. ಹೆಂಗಸರ ಶೌಚಾಲಯ ಎಡಕ್ಕೆ, ಹತ್ತು ಹೆಜ್ಜೆ’ ಎಂದಷ್ಟೇ. ಈ ವರ್ಷ ಕೆಲಸ ಶುರುವಾಗುತ್ತದೆಂದು ಅಕ್ಕ ದೂರವಾಣಿಯಲ್ಲಿ ತಿಳಿಸಿದ್ದಾಳೆ. ಆಕೆಗೀಗ ಎಪ್ಪತ್ತೈದು ದಾಟಿದೆ, ಮೊಣಕಾಲು ನೋವು. ಮುಗಿದ ಮೇಲೆ ಕರೆದುಕೊಂಡು ಹೋಗಿ ಕೂರಿಸುತ್ತೇನೆ ಎಂದಿದ್ದೇನೆ. “ನೋಡೋಣ” ಎಂದಿದ್ದಾಳೆ. ಅವಳು ಅಲ್ಲಿ ಒಂದು ಲೋಟ ನೀರು ಕೇಳಿ ಕುಡಿದರೆ ನಾನು ಬರೆದ ಸಾಲು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

(ಕೃಪೆ: ಆಕಾಶವಾಣಿ)